ಬ್ಯಾಂಡ್ ಬಂತು ಸರಿ, ಅದು ಯಾವ ಕಿಣ್ವದ್ದು?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಕ್ಕರೆಯನ್ನು ಅರಗಿಸುವ ಕಿಣ್ವಗಳನ್ನು ಪ್ರತಿಕಾಯದಿಂದ ಗುರುತಿಸುವ ಬಗ್ಗೆಯೇ ಇವೆ. ಅದರಲ್ಲೂ ಹೆಕ್ಸೊಕೈನೇಸ್-2 ಬಗ್ಗೆ ಕೇಳಿದವರೇ ಹೆಚ್ಚು. ಗ್ಲೂಕೋಸ್ ಜೀವಕೋಶದೊಳಗೆ ಕಾಲಿಟ್ಟ ಕೂಡಲೇ ಅದಕ್ಕೊಂದು ಫಾಸ್ಫೇಟ್ ಅಂಟಿಸಿ, ಮತ್ತೆ ಹೊರಗೆ ಹೋಗದಂತೆ ಹಿಡಿದಿಡುವ ಕೆಲಸ ಈ ಕಿಣ್ವದ್ದು. ಪೆಟ್ ಸ್ಕ್ಯಾನ್‌ನಲ್ಲಿ ಗೆಡ್ಡೆ ಹೊಳೆಯುವುದಕ್ಕೂ ಇದೇ ಕಾರಣ: ವಿಕಿರಣ ಸೂಸುವ ಗ್ಲೂಕೋಸ್‌ನಂಥ ವಸ್ತುವಿಗೆ ಹೆಕ್ಸೊಕೈನೇಸ್ ಫಾಸ್ಫೇಟ್ ಅಂಟಿಸುತ್ತದೆ, ಅದು ಕೋಶದೊಳಗೇ ಸಿಕ್ಕಿಬೀಳುತ್ತದೆ. ಹಾಗಾಗಿ ಕ್ಯಾನ್ಸರ್, ಮಧುಮೇಹ, ಸ್ನಾಯುಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳ ಫ್ರೀಜರ್‌ನಲ್ಲಿ ಈ ಪ್ರತಿಕಾಯದ ಒಂದು ವಯಲ್ ಇದ್ದೇ ಇರುತ್ತದೆ. ಹೊಸಬರಿಗೆ ಒಂದು ಮಾತು: ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ ತೂಕದ ಪ್ರಕಾರ (ಕಿಲೋಡಾಲ್ಟನ್ ಲೆಕ್ಕದಲ್ಲಿ) ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ದಾಟಿಸುತ್ತಾರೆ; ಇದೇ ಟ್ರಾನ್ಸ್‌ಫರ್. ಬೇಕಾದ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಪ್ರೈಮರಿ, ಆ ಪ್ರೈಮರಿಯನ್ನು ಹಿಡಿದು ಹೊಳಪು ಕೊಡುವ ಪ್ರತಿಕಾಯ ಸೆಕೆಂಡರಿ. ಹೊಳೆಯುವ ಗೆರೆಯೇ ಬ್ಯಾಂಡ್.

ಪ್ರಶ್ನೆ: ಮೌಸ್‌ನ ಲಿವರ್‌ನಲ್ಲಿ ಹೆಕ್ಸೊಕೈನೇಸ್-2 ನೋಡಲು ವೆಸ್ಟರ್ನ್ ಬ್ಲಾಟ್ ಮಾಡುತ್ತಿದ್ದೇನೆ. ಪ್ರೈಮರಿ ಮೌಸ್ ಮೊನೊಕ್ಲೋನಲ್ (ಮೌಸ್‌ನ ಒಂದೇ ಕೋಶದ ಸಂತತಿಯಿಂದ ಬಂದ ಪ್ರತಿಕಾಯ). ಡೇಟಾಶೀಟ್‌ನಲ್ಲಿ 102 ಕಿಲೋಡಾಲ್ಟನ್ ಎಂದಿದೆ. ನನಗೆ 100ರ ಹತ್ತಿರ ತೆಳುವಾದ ಗೆರೆ, 70ರಲ್ಲಿ ಒಂದು, 50 ಮತ್ತು 25ರಲ್ಲಿ ದಪ್ಪ ಬ್ಯಾಂಡ್‌ಗಳು ಬರುತ್ತಿವೆ. 50ರದ್ದು ಲಿವರ್‌ನ ಸೋದರ ಕಿಣ್ವ ಗ್ಲೂಕೋಕೈನೇಸ್ ಇರಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: 50 ಮತ್ತು 25 ಜೋಡಿಯಾಗಿ ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಪ್ರತಿಕಾಯದ ಮೇಲೇ. ಪ್ರತಿಕಾಯವೂ ಒಂದು ಪ್ರೋಟೀನ್. ಬೀಟಾ-ಮರ್ಕ್ಯಾಪ್ಟೊಇಥನಾಲ್ ಹಾಕಿ ಕುದಿಸಿದಾಗ ಅದು 50ರ ಭಾರ ಸರಪಳಿ, 25ರ ಹಗುರ ಸರಪಳಿ ಎಂದು ಬಿಡಿಬಿಡಿಯಾಗುತ್ತದೆ. ಲಿವರ್ ತುಂಬ ರಕ್ತ, ರಕ್ತದ ತುಂಬ ಆ ಮೌಸ್‌ನದೇ ಪ್ರತಿಕಾಯಗಳು. ನಿಮ್ಮ ಸೆಕೆಂಡರಿಗೆ ಗೊತ್ತಿರುವುದು ಮೌಸ್ ಪ್ರತಿಕಾಯ ಕಂಡಲ್ಲಿ ಹಿಡಿಯುವುದೊಂದೇ. ನೀವು ಹಾಕಿದ ಪ್ರೈಮರಿ ಯಾವುದು, ರಕ್ತದಲ್ಲಿ ಮೊದಲೇ ಇದ್ದದ್ದು ಯಾವುದು ಎಂದು ಅದು ಬೇರೆ ಮಾಡಿ ನೋಡುವುದಿಲ್ಲ.

ಗ್ಲೂಕೋಕೈನೇಸ್ ಕೂಡ ಸುಮಾರು 50 ಕಿಲೋಡಾಲ್ಟನ್ನೇ, ಲಿವರ್‌ನಲ್ಲಿ ಅದು ಧಾರಾಳವಾಗಿ ಇದೆ. ಎರಡೂ ಒಂದೇ ಎತ್ತರದಲ್ಲಿ ಕೂರುವುದರಿಂದ ಭಾರ ಸರಪಳಿಯ ಬ್ಯಾಂಡನ್ನು ಗ್ಲೂಕೋಕೈನೇಸ್ ಎಂದು ವರದಿಯಲ್ಲಿ ಬರೆದುಬಿಡುವುದು ಬಹಳ ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಪರೀಕ್ಷೆಗೆ ಒಂದೇ ದಿನ ಸಾಕು. ಅದೇ ಸ್ಯಾಂಪಲನ್ನು ಎರಡು ಲೇನ್‌ಗಳಲ್ಲಿ ಓಡಿಸಿ, ಟ್ರಾನ್ಸ್‌ಫರ್ ಆದ ಮೇಲೆ ಮೆಂಬ್ರೇನನ್ನು ನಡುವೆ ಉದ್ದಕ್ಕೆ ಕತ್ತರಿಸಿ. ಒಂದು ತುಂಡಿಗೆ ಪ್ರೈಮರಿ, ಸೆಕೆಂಡರಿ ಎರಡೂ. ಇನ್ನೊಂದಕ್ಕೆ ಬರೀ ಸೆಕೆಂಡರಿ. ಬರೀ ಸೆಕೆಂಡರಿ ಹಾಕಿದ ತುಂಡಿನಲ್ಲೂ 50, 25 ಕಂಡರೆ ಅವು ರಕ್ತದ ಪ್ರತಿಕಾಯಗಳೇ. ಪರಿಹಾರ ಎರಡಿವೆ. ಅಂಗವನ್ನು ತೆಗೆಯುವ ಮುನ್ನ ತಣ್ಣನೆಯ ಪಿಬಿಎಸ್ ಉಪ್ಪುದ್ರಾವಣ ಹಾಯಿಸಿ ರಕ್ತ ತೊಳೆಯಿರಿ. ಅದಕ್ಕಿಂತ ಒಳ್ಳೆಯದು, ಮೊಲದಲ್ಲಿ ಬೆಳೆಸಿದ ಪ್ರೈಮರಿಗೆ ಬದಲಾಯಿಸಿ, ಮೌಸ್ ಪ್ರತಿಕಾಯಗಳನ್ನು ಹೀರಿ ತೆಗೆದ ಆಂಟಿ-ರ‍್ಯಾಬಿಟ್ ಸೆಕೆಂಡರಿ ಬಳಸಿ. ಮೌಸ್ ಅಂಗಾಂಶಕ್ಕೆ ಮೌಸ್ ಪ್ರೈಮರಿ ಬೇರೆ ದಾರಿಯೇ ಇಲ್ಲದಾಗ ಮಾತ್ರ.

70ರದ್ದು ಬಹುಶಃ ತುಂಡಾದ ಕಿಣ್ವ. ಲಿವರ್‌ನಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಯಥೇಚ್ಛ. ಅಂಗಾಂಶವನ್ನು ತೆಗೆದ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ. ಆಮೇಲೆ 50 ಮಿಲಿಗ್ರಾಂಗೆ 500 ಮೈಕ್ರೋಲೀಟರ್ ತಣ್ಣನೆಯ ರಿಪಾ ಬಫರ್ (ಕೋಶ ಒಡೆಯುವ ದ್ರಾವಣ) ಲೆಕ್ಕದಲ್ಲಿ ಮಂಜುಗಡ್ಡೆಯ ಮೇಲೇ ಅರೆಯಿರಿ. ಪ್ರೋಟಿಯೇಸ್ ತಡೆಯುವ ಮಿಶ್ರಣವನ್ನು ಬಫರ್‌ಗೆ ಆ ಕ್ಷಣದಲ್ಲೇ ಸೇರಿಸಬೇಕು. ಪಿಎಂಎಸ್‌ಎಫ್ ಎಂಬ ಪ್ರೋಟಿಯೇಸ್ ತಡೆಯಾದರೆ ಐಸೊಪ್ರೊಪನಾಲ್‌ನಲ್ಲಿ ಕರಗಿಸಿಟ್ಟ 100 ಮಿಲಿಮೋಲಾರ್ ದಾಸ್ತಾನಿನಿಂದ ಮಿಲಿಲೀಟರ್‌ಗೆ 10 ಮೈಕ್ರೋಲೀಟರ್. ಅದನ್ನು ಬೆಳಗ್ಗೆಯೇ ಬೆರೆಸಿಟ್ಟು ಮಧ್ಯಾಹ್ನ ಬಳಸಿದರೆ ಬರೀ ಬಫರ್ ಬಳಸಿದಂತೆ: ಪಿಎಚ್ 8ರ ನೀರಿನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಸುಮಾರು ಅರ್ಧ ಗಂಟೆಗೇ ಅರ್ಧಕ್ಕರ್ಧ ಹಾಳಾಗಿರುತ್ತದೆ. ಅನುಮಾನ ಪರಿಹಾರವಾಗಬೇಕಾದರೆ ಹೊಸ ಲೈಸೇಟನ್ನು (ಕೋಶ ಒಡೆದು ಸಿಕ್ಕ ದ್ರವ) ಎರಡು ಪಾಲು ಮಾಡಿ. ಒಂದನ್ನು ಕೂಡಲೇ ಸ್ಯಾಂಪಲ್ ಬಫರ್‌ನಲ್ಲಿ ಕುದಿಸಿ, ಇನ್ನೊಂದನ್ನು ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟು ಆಮೇಲೆ ಕುದಿಸಿ. ಎರಡನೆಯದರಲ್ಲಿ 102 ಇಳಿದು 70 ಏರಿದರೆ ತುಂಡಾಗಿರುವುದು ಖಚಿತ.

ಇನ್ನೊಂದು ಮಾತು, ಇದೇ ಮುಖ್ಯ. ಆರೋಗ್ಯವಂತ ಲಿವರ್‌ನಲ್ಲಿ ಹೆಕ್ಸೊಕೈನೇಸ್-2 ಬಹಳ ಕಡಿಮೆ. ಅಲ್ಲಿ ಆ ಕೆಲಸ ನೋಡಿಕೊಳ್ಳುವುದು ಗ್ಲೂಕೋಕೈನೇಸ್. ಲಿವರ್ ಕ್ಯಾನ್ಸರ್ ಆದಾಗ ಈ ಲೆಕ್ಕ ತಿರುಗಿ ಹೆಕ್ಸೊಕೈನೇಸ್-2 ಏರುತ್ತದೆ. ಹಾಗಾಗಿ ನಿಮ್ಮ 100ರ ಗೆರೆ ತೆಳ್ಳಗಿರುವುದು ಪ್ರಯೋಗದ ಸೋಲು ಅಲ್ಲ, ಇರಬೇಕಾದದ್ದೇ ಹಾಗೆ. ಜೆಲ್‌ನಲ್ಲಿ ಅದೇ ಮೌಸ್‌ನ ತೊಡೆಯ ಸ್ನಾಯು ಅಥವಾ ಹೃದಯದ ಒಂದು ಲೇನ್ ಇಟ್ಟುಕೊಳ್ಳಿ. ಅಲ್ಲಿ 102ರಲ್ಲಿ ಸ್ಪಷ್ಟ ಬ್ಯಾಂಡ್ ಬಂದರೆ ಪ್ರತಿಕಾಯ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ.

ಪ್ರಶ್ನೆ: ಹೆಕ್ಸೊಕೈನೇಸ್-2 ಪ್ರತಿಕಾಯ ಕೊಳ್ಳಬೇಕು. ಕ್ಯಾಟಲಾಗ್‌ನಲ್ಲಿ ಹತ್ತಾರು ಇವೆ: ಪಾಲಿಕ್ಲೋನಲ್, ಮೊನೊಕ್ಲೋನಲ್, ರಿಕಾಂಬಿನಂಟ್. ಬೆಲೆಯಲ್ಲೂ ತುಂಬ ವ್ಯತ್ಯಾಸ. ಏನು ನೋಡಿ ಆರಿಸಬೇಕು?
— ಸಂಶೋಧನಾ ಸಹಾಯಕ, ಮೈಸೂರು

ಉತ್ತರ: ಮೊದಲು ನೋಡಬೇಕಾದದ್ದು ಬೆಲೆಯಲ್ಲ, ಪ್ರತಿಕಾಯವನ್ನು ಯಾವ ತುಣುಕಿನ ವಿರುದ್ಧ ಬೆಳೆಸಿದ್ದಾರೆ ಎಂಬುದು. ಹೆಕ್ಸೊಕೈನೇಸ್-1 ಮತ್ತು 2 ಅಣ್ಣತಮ್ಮಂದಿರಿದ್ದಂತೆ. ಮನುಷ್ಯನಲ್ಲಿ ಎರಡರಲ್ಲೂ 917 ಅಮೈನೋ ಆಮ್ಲ, ಎರಡೂ 102 ಕಿಲೋಡಾಲ್ಟನ್ ಆಸುಪಾಸು, ಸರಣಿಯಲ್ಲಿ ಬಹುಪಾಲು ಒಂದೇ. ಸಾಲದ್ದಕ್ಕೆ ಪ್ರತಿಯೊಂದರ ಎರಡು ಅರ್ಧಗಳೂ ಒಂದನ್ನೊಂದು ಹೋಲುತ್ತವೆ. ಹಿಂದೆಂದೋ ಒಂದು ಚಿಕ್ಕ ಜೀನ್ ಇಮ್ಮಡಿಯಾಗಿ ಇವು ಹುಟ್ಟಿದವು. ಇಡೀ ಪ್ರೋಟೀನ್ ಚುಚ್ಚಿ ಬೆಳೆಸಿದ ಪಾಲಿಕ್ಲೋನಲ್‌ನಲ್ಲಿ 1ನ್ನೂ ಹಿಡಿಯುವ ಪ್ರತಿಕಾಯಗಳು ಬೆರೆತಿರುವ ಸಾಧ್ಯತೆ ಇದ್ದೇ ಇದೆ. ಆಗ ನಿಮಗೆ 102ರಲ್ಲಿ ಅಚ್ಚುಕಟ್ಟಾದ ಒಂದೇ ಬ್ಯಾಂಡ್ ಸಿಗುತ್ತದೆ, ಅದು ಹೆಕ್ಸೊಕೈನೇಸ್-1 ಆಗಿರುತ್ತದೆ. ಒಂದೇ ಬ್ಯಾಂಡ್ ಬಂತು, ತೂಕವೂ ಸರಿಯಿದೆ ಎಂಬ ಸಮಾಧಾನ ಈ ಕಿಣ್ವದ ಮಟ್ಟಿಗೆ ಸಲ್ಲದು.

ಎರಡನೆಯದು, ಆ ಜೀನನ್ನೇ ತೆಗೆದುಹಾಕಿದ ಕೋಶಗಳ ಲೇನ್ ಕಂಪನಿಯ ಚಿತ್ರದಲ್ಲಿ ಇದೆಯೇ? ಜೀನ್ ಕತ್ತರಿಸುವ ಕ್ರಿಸ್ಪರ್‌ನಿಂದ ಹೆಕ್ಸೊಕೈನೇಸ್-2 ಇಲ್ಲದಂತೆ ಮಾಡಿದ ಕೋಶದಲ್ಲಿ ಬ್ಯಾಂಡ್ ಪೂರ್ತಿ ಮಾಯವಾಗಬೇಕು. ಅದಿಲ್ಲದಿದ್ದರೆ ನಿಮ್ಮಲ್ಲೇ ಜೀನ್‌ನ ಸಂದೇಶವನ್ನು (ಎಂಆರ್‌ಎನ್‌ಎ) ಅಡಗಿಸುವ ಎಸ್‌ಐಆರ್‌ಎನ್‌ಎ ಕೊಟ್ಟು 72 ಗಂಟೆಯ ನಂತರ ನೋಡಿ, ಬ್ಯಾಂಡ್ ಗಣನೀಯವಾಗಿ ಇಳಿದಿರಬೇಕು. ಒಂದು ಎಸ್‌ಐಆರ್‌ಎನ್‌ಎ ಸಾಲದು, ಆ ಸಂದೇಶದ ಬೇರೆ ಬೇರೆ ಕಡೆಗೆ ಅಂಟುವ ಎರಡಾದರೂ ಬೇಕು. ಪ್ರತಿಕಾಯ ಒರೆಗೆ ಹಚ್ಚುವ ಕ್ರಮಗಳನ್ನು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2016ರಲ್ಲಿ ಐದು ಬಗೆಯಾಗಿ ವಿಂಗಡಿಸಿತು. ಅವುಗಳಲ್ಲಿ ಜೀನ್ ತೆಗೆದು ನೋಡುವ ಈ ದಾರಿ ಒಂದು. ಒಂದೇ ಕಿಣ್ವದ ಬೇರೆ ಜಾಗ ಹಿಡಿಯುವ ಇನ್ನೊಂದು ಪ್ರತಿಕಾಯದಿಂದ ತಾಳೆ ನೋಡುವುದು ಮತ್ತೊಂದು. ವೆಸ್ಟರ್ನ್‌ಗೆ ನಮ್ಮ ಮತ ಮೊದಲನೆಯದಕ್ಕೇ.

ಮೂರನೆಯದು ಬ್ಯಾಚ್. ಪಾಲಿಕ್ಲೋನಲ್ ಒಂದು ಪ್ರಾಣಿಯ ರಕ್ತದಿಂದ ಬಂದದ್ದು. ಆ ಮೊಲ ಹೋದರೆ ಆ ಪ್ರತಿಕಾಯವೂ ಹೋಯಿತು. ಮುಂದಿನ ಮೊಲದ್ದು ಬೇರೆಯೇ. ಮೊನೊಕ್ಲೋನಲ್‌ಗೆ ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ತೋರಿಸಿದ ಹೈಬ್ರಿಡೋಮ (ಪ್ರತಿಕಾಯ ಮಾಡುವ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆಯುವ) ದಾರಿ ಇದೆ, ಅದೇ ಕೋಶದ ಸಂತತಿ ಅದೇ ಪ್ರತಿಕಾಯ ಕೊಡುತ್ತಿರುತ್ತದೆ. ಆದರೂ ಹೈಬ್ರಿಡೋಮ ಕೋಶ ಕಾಲಕ್ರಮೇಣ ಜೀನ್ ಕಳೆದುಕೊಳ್ಳಬಹುದು. ರಿಕಾಂಬಿನಂಟ್‌ನಲ್ಲಿ ಪ್ರತಿಕಾಯದ ಸರಣಿಯೇ ಗೊತ್ತಿರುವುದರಿಂದ ಎಷ್ಟು ವರ್ಷ ಬಿಟ್ಟು ಕೊಂಡರೂ ಅದೇ ಸಿಗುತ್ತದೆ. ಮೂರು ನಾಲ್ಕು ವರ್ಷದ ಪಿಎಚ್.ಡಿ. ಕೆಲಸಕ್ಕೆ ಹಣ ಇದ್ದರೆ ಮೊಲದ ರಿಕಾಂಬಿನಂಟ್ ಮೊನೊಕ್ಲೋನಲ್ ಕೊಳ್ಳಿ. ಹಣ ಇಲ್ಲದಿದ್ದರೆ ಅಗ್ಗದ ಪಾಲಿಕ್ಲೋನಲ್‌ನ ಒಂದೇ ಲಾಟ್‌ನ ಎರಡು ವಯಲ್ ಒಟ್ಟಿಗೇ ತರಿಸಿ, ಲಾಟ್ ನಂಬರನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಪ್ರಬಂಧ ಬರೆಯುವಾಗ ಕ್ಯಾಟಲಾಗ್ ನಂಬರ್, ಲಾಟ್ ನಂಬರ್ ಎರಡೂ ಬೇಕಾಗುತ್ತವೆ.

ಪ್ರಶ್ನೆ: ಶೇ 1 ಆಮ್ಲಜನಕದಲ್ಲಿ 24 ಗಂಟೆ ಇಟ್ಟ ಹೀಲಾ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್) ಕೋಶಗಳಲ್ಲಿ ಹೆಕ್ಸೊಕೈನೇಸ್-2 ಬ್ಯಾಂಡ್ 2.4 ಪಟ್ಟು ಏರಿದೆ. ಆದರೆ ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗೂ ಪ್ರೋಟೀನ್ ಸಮನಾಗಿ ಬಿದ್ದಿದೆಯೇ ಎಂದು ತಾಳೆ ನೋಡುವ ಪ್ರೋಟೀನ್) ಜಿಎಪಿಡಿಎಚ್ ಕೂಡ 1.6 ಪಟ್ಟು ಏರಿದೆ. ಭಾಗಿಸಿದರೆ ಏರಿಕೆ ಬರೀ 1.5 ಪಟ್ಟು ಎಂದಾಗುತ್ತದೆ. ಲೋಡಿಂಗ್ ತಪ್ಪಿತೇ?
— ಪಿಎಚ್.ಡಿ. ವಿದ್ಯಾರ್ಥಿ, ಬೆಂಗಳೂರು

ಉತ್ತರ: ಲೋಡಿಂಗ್ ಸರಿಯಾಗಿಯೇ ಇರಬಹುದು. ತಪ್ಪು ಅಳತೆಗೋಲಿನ ಆಯ್ಕೆಯಲ್ಲಿದೆ. ಜಿಎಪಿಡಿಎಚ್ ಎಂಬುದು ಎಲ್ಲರ ಬಾಯಲ್ಲಿ ಲೋಡಿಂಗ್ ಕಂಟ್ರೋಲ್ ಆಗಿಹೋಗಿದೆಯೇ ಹೊರತು ಮೂಲತಃ ಅದೂ ಗ್ಲೂಕೋಸ್ ಒಡೆಯುವ ದಾರಿಯ ಆರನೇ ಮೆಟ್ಟಿಲಿನ ಕಿಣ್ವ. ಆಮ್ಲಜನಕ ಕಡಿಮೆಯಾದಾಗ ಎಚ್‌ಐಎಫ್-1 ಎಂಬ ಪ್ರೋಟೀನ್ ಎದ್ದು ಹೆಕ್ಸೊಕೈನೇಸ್-2, ಆಲ್ಡೊಲೇಸ್, ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಲ್ಲದರ ತಯಾರಿಯನ್ನೂ ಹೆಚ್ಚಿಸುತ್ತದೆ. ಅನೇಕ ಕೋಶಗಳಲ್ಲಿ ಜಿಎಪಿಡಿಎಚ್‌ನದೂ ಹೆಚ್ಚುತ್ತದೆ. ಇನ್ಸುಲಿನ್ ಕೊಟ್ಟಾಗಲೂ ಅದು ಏರಬಹುದು. ಏರುವ ಹೊಳೆಯ ಮಟ್ಟವನ್ನು ತೇಲುವ ದೋಣಿಯ ಮೇಲೆ ನಿಂತು ಅಳೆದ ಹಾಗಾಗಿದೆ ನಿಮ್ಮ ಲೆಕ್ಕ. ಸಕ್ಕರೆಯ ಚಯಾಪಚಯ ಬದಲಾಗುವ ಯಾವ ಪ್ರಯೋಗದಲ್ಲೂ ಜಿಎಪಿಡಿಎಚ್‌ನಿಂದ ಭಾಗಿಸಬೇಡಿ.

ಬದಲಿಗೆ ಇಡೀ ಲೇನ್‌ನ ಪ್ರೋಟೀನನ್ನೇ ಅಳತೆಗೋಲು ಮಾಡಿಕೊಳ್ಳಿ. ಟ್ರಾನ್ಸ್‌ಫರ್ ಮುಗಿದ ಮೇಲೆ ಬ್ಲಾಕಿಂಗ್‌ಗೆ (ಮೆಂಬ್ರೇನ್‌ನ ಖಾಲಿ ಜಾಗ ಮುಚ್ಚುವುದು) ಮುಂಚೆ ಮೆಂಬ್ರೇನನ್ನು ಶೇ 5 ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಶೇ 0.1 ಪಾನ್‌ಸೋ ಬಣ್ಣದಲ್ಲಿ ಐದು ನಿಮಿಷ ಇಡಿ. ನೀರಲ್ಲಿ ಎರಡು ಸಲ ಜಾಲಿಸಿ, ಗುಲಾಬಿ ಪಟ್ಟೆಗಳು ಎದ್ದುಕಂಡಾಗ ಸ್ಕ್ಯಾನ್ ಮಾಡಿ, ಆಮೇಲೆ ಟಿಬಿಎಸ್‌ಟಿ ಎಂಬ ತೊಳೆಯುವ ಬಫರ್‌ನಲ್ಲಿ ತೊಳೆದರೆ ಬಣ್ಣ ಪೂರ್ತಿ ಹೋಗುತ್ತದೆ. ಮೂಲೆಯಲ್ಲಿ ಗುಳ್ಳೆ ಕೂತು ಟ್ರಾನ್ಸ್‌ಫರ್ ಆಗದೆ ಉಳಿದ ದುಂಡನೆ ಬಿಳಿ ಮಚ್ಚೆಯೂ ಇದರಲ್ಲೇ ಗೊತ್ತಾಗಿಬಿಡುತ್ತದೆ, ಎರಡು ದಿನದ ಕೆಲಸ ಉಳಿಯುತ್ತದೆ. ಒಂದು ಪ್ರೋಟೀನೇ ಬೇಕೆಂದರೆ 42ರ ಆಕ್ಟಿನ್ ಅಥವಾ 50ರ ಟ್ಯೂಬ್ಯುಲಿನ್ ಸರಿ, ಅವೂ ನಿಮ್ಮ ಪ್ರಯೋಗದಲ್ಲಿ ಅಲುಗದೆ ನಿಂತಿವೆ ಎಂದು ಪಾನ್‌ಸೋ ಜೊತೆ ಹೋಲಿಸಿ ನೋಡಿದ ಮೇಲೆ. ವಿನ್‌ಕ್ಯುಲಿನ್ ಬೇಡ, ಅದು 117ರಲ್ಲಿ, ನಿಮ್ಮ 102ಕ್ಕೆ ತೀರಾ ಅಂಟಿಕೊಂಡಂತೆ ಓಡುತ್ತದೆ.

ಸಂಖ್ಯೆಗಳ ಬಗ್ಗೆಯೂ ಒಂದು ಎಚ್ಚರಿಕೆ. 2.4 ಪಟ್ಟು ಎಂದು ಬರೆಯುವ ಮುನ್ನ ಬ್ಯಾಂಡಿನ ಹೊಳಪು ಪ್ರೋಟೀನ್ ಇದ್ದಷ್ಟೇ ಏರುತ್ತದೆಯೇ ಎಂದು ನೋಡಿರಬೇಕು. ಒಂದೇ ಲೈಸೇಟನ್ನು 5, 10, 20, 40 ಮೈಕ್ರೋಗ್ರಾಂ ಹಾಕಿ. ಹೊಳಪು ಪ್ರತಿ ಸಲ ಇಮ್ಮಡಿಯಾದರೆ ಸರಿ. ಜಿಎಪಿಡಿಎಚ್ ಕೋಶದಲ್ಲಿ ಎಷ್ಟೊಂದು ಇದೆಯೆಂದರೆ ಸಾಮಾನ್ಯವಾಗಿ 20ರಲ್ಲೇ ತುಂಬಿಹೋಗಿ 40ರಲ್ಲೂ ಅಷ್ಟೇ ಹೊಳೆಯುತ್ತದೆ. ಅಂಥ ತುಂಬಿದ ಬ್ಯಾಂಡ್ ಲೋಡಿಂಗ್ ವ್ಯತ್ಯಾಸವನ್ನು ತೋರಿಸುವ ಬದಲು ಮುಚ್ಚಿಹಾಕುತ್ತದೆ. ಎಲ್ಲ ಲೇನ್‌ಗಳಲ್ಲೂ ಜಿಎಪಿಡಿಎಚ್ ಅಷ್ಟು ಸಮವಾಗಿ ಕಾಣುವ ಎಷ್ಟೋ ಚಿತ್ರಗಳ ಗುಟ್ಟು ಇದೇ.

ಲೋಡಿಂಗ್ ಲೆಕ್ಕ ಹೇಗೆಂದು ಕೆಲವರು ಬೇರೆಯಾಗಿ ಕೇಳಿದ್ದಾರೆ. ಪ್ರೋಟೀನ್ ಪ್ರಮಾಣ ಅಳೆಯುವ ಬಿಸಿಎ ಪರೀಕ್ಷೆಯಲ್ಲಿ ಲೈಸೇಟ್ ಮೈಕ್ರೋಲೀಟರ್‌ಗೆ 3.2 ಮೈಕ್ರೋಗ್ರಾಂ ಬಂದರೆ, 20 ಮೈಕ್ರೋಗ್ರಾಂಗೆ 6.25 ಮೈಕ್ರೋಲೀಟರ್ ಲೈಸೇಟ್, ನಾಲ್ಕು ಪಟ್ಟಿನ ಸ್ಯಾಂಪಲ್ ಬಫರ್ 5, ಉಳಿದ 8.75 ಲೈಸಿಸ್ ಬಫರ್; ಒಟ್ಟು 20. ಎಲ್ಲ ಲೇನ್‌ಗೂ ಒಟ್ಟು ಗಾತ್ರ ಒಂದೇ ಇರಲಿ, ಇಲ್ಲದಿದ್ದರೆ ಬ್ಯಾಂಡ್‌ಗಳು ನಗುವಿನಂತೆ ಬಾಗುತ್ತವೆ.

ಪ್ರಶ್ನೆ: ಕೋಶಗಳನ್ನು ಡಿಟರ್ಜೆಂಟ್ ಇಲ್ಲದ ಬಫರ್‌ನಲ್ಲಿ ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸಿ ಒಡೆದೆ. 12,000 ಜಿ ವೇಗದಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬ್ಲಾಟ್ ಮಾಡಿದರೆ ಟ್ಯೂಬ್ಯುಲಿನ್ ಬರುತ್ತದೆ, ಹೆಕ್ಸೊಕೈನೇಸ್-2 ಬಹುತೇಕ ಇಲ್ಲ. ಪ್ರತಿಕಾಯ ಕೆಟ್ಟಿದೆಯೇ?
— ಶಿವಮೊಗ್ಗ

ಉತ್ತರ: ಪ್ರತಿಕಾಯ ಚೆನ್ನಾಗಿದೆ, ನೀವು ಕಿಣ್ವವನ್ನೇ ಎಸೆದಿದ್ದೀರಿ. ಹೆಕ್ಸೊಕೈನೇಸ್-2ರ ಬಹುಪಾಲು ಮೈಟೊಕಾಂಡ್ರಿಯದ ಹೊರಪೊರೆಯ ಮೇಲೆ, ವಿಡಾಕ್ ಎಂಬ ಬಾಗಿಲಿನ ಬಳಿ ತನ್ನ ಮೊದಲ ತುದಿಯಿಂದ ಅಂಟಿ ಕೂತಿರುತ್ತದೆ. ಒಳಗಿನಿಂದ ಬರುವ, ಫಾಸ್ಫೇಟ್ ಕೊಡುವ ಎಟಿಪಿ ಅಲ್ಲೇ ಕೈಗೆ ಸಿಗುತ್ತದಲ್ಲ. 12,000 ಜಿ ವೇಗದಲ್ಲಿ ಮೈಟೊಕಾಂಡ್ರಿಯ ತಳಕ್ಕೆ ಹೋಗುತ್ತದೆ, ಜೊತೆಗೆ ಕಿಣ್ವವೂ. ತಳದ ಗಷ್ಟನ್ನು ಅಷ್ಟೇ ಗಾತ್ರದ ಬಫರ್‌ನಲ್ಲಿ ಕರಗಿಸಿ ಪಕ್ಕದ ಲೇನ್‌ನಲ್ಲಿ ಓಡಿಸಿದರೆ ಅಲ್ಲಿ ಸಿಗುತ್ತದೆ. ಒಟ್ಟು ಪ್ರಮಾಣ ಬೇಕಿದ್ದರೆ ಶೇ 1 ಎನ್‌ಪಿ-40 ಡಿಟರ್ಜೆಂಟ್ ಇರುವ ಬಫರ್ ಅಥವಾ ರಿಪಾ ಬಳಸಿ. ಎಷ್ಟು ಅಂಟಿದೆ, ಎಷ್ಟು ಬಿಡಿಯಾಗಿದೆ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಈಗ ಮಾಡಿದ್ದೇ ಒಳ್ಳೆಯ ಆರಂಭ. ತಳಕ್ಕೆ ವಿಡಾಕ್, ತಿಳಿಗೆ ಟ್ಯೂಬ್ಯುಲಿನ್ ಗುರುತಾಗಿ ಇಟ್ಟುಕೊಂಡು ಎರಡನ್ನೂ ಒಂದೇ ಜೆಲ್‌ನಲ್ಲಿ ತೋರಿಸಿ.

ಪ್ರಶ್ನೆ: ಇಸಿಎಲ್ (ಬೆಳಕು ಬರಿಸುವ ದ್ರವ) ಹಾಕಿದಾಗ ಬ್ಯಾಂಡ್ ಇರಬೇಕಾದ ಜಾಗ ಬಿಳಿಯಾಗಿ, ಸುತ್ತ ಮಾತ್ರ ಕಪ್ಪಾಗಿ ಬರುತ್ತದೆ. ಫೋಟೊ ನೆಗೆಟಿವ್ ತರಹ. ಇನ್ನು ಕೆಲವು ಸಲ ಏನೂ ಇಲ್ಲ, ಖಾಲಿ ಮೆಂಬ್ರೇನ್.
— ಕಲಬುರಗಿ

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ.

ಬಿಳಿ ಬ್ಯಾಂಡ್ ಅತಿಯಾದದ್ದರ ಲಕ್ಷಣ. ಸೆಕೆಂಡರಿಗೆ ಕಟ್ಟಿರುವ ಎಚ್‌ಆರ್‌ಪಿ ಕಿಣ್ವ ಆ ಜಾಗದಲ್ಲಿ ಎಷ್ಟು ಹೆಚ್ಚಿದೆಯೆಂದರೆ, ಮೆಂಬ್ರೇನನ್ನು ಕ್ಯಾಮೆರಾದೊಳಗೆ ಇಡುವಷ್ಟರಲ್ಲಿ ಅಲ್ಲಿನ ಲ್ಯೂಮಿನಾಲ್ ಎಲ್ಲ ಉರಿದು ಮುಗಿದಿರುತ್ತದೆ. ಕತ್ತಲ ಕೋಣೆಯಲ್ಲಿ ನಿಂತು ನೋಡಿದರೆ ದ್ರವ ಬಿದ್ದ ಕ್ಷಣ ಆ ಜಾಗ ನೀಲಿಯಾಗಿ ಹೊಳೆದು ಒಂದೆರಡು ನಿಮಿಷದಲ್ಲಿ ಆರಿಹೋಗುತ್ತದೆ. ಬೆಳಕಿಗೆ ತಂದಾಗ ಅಲ್ಲಿ ಹಳದಿ ಮಿಶ್ರಿತ ಕಂದು ಗೆರೆಯೊಂದು ಉಳಿದಿರುತ್ತದೆ. ಆ ಗೆರೆ ಕಂಡರೆ ಬೇರೆ ಸಾಕ್ಷಿ ಬೇಡ. ಸೆಕೆಂಡರಿಯನ್ನು 1:2,000ದಲ್ಲಿ ಹಾಕುತ್ತಿದ್ದರೆ 1:20,000ಕ್ಕೆ ಇಳಿಸಿ, ಪ್ರೋಟೀನ್ 10 ಮೈಕ್ರೋಗ್ರಾಂ ಸಾಕು. 10 ಮಿಲಿಲೀಟರ್‌ಗೆ ಅರ್ಧ ಮೈಕ್ರೋಲೀಟರ್ ಪಿಪೆಟ್ ಮಾಡುವುದು ನೆಚ್ಚಿಕೆಯಲ್ಲ. ಮೊದಲು 2 ಮೈಕ್ರೋಲೀಟರನ್ನು 18 ಮೈಕ್ರೋಲೀಟರ್ ಬಫರ್‌ಗೆ ಬೆರೆಸಿ, ಅದರಿಂದ 5 ತೆಗೆದು ಹಾಕಿ.

ಖಾಲಿ ಮೆಂಬ್ರೇನ್ ಎಂದಾಗ ಮೊದಲು ಕೇಳಬೇಕಾದದ್ದು: ಸೋಡಿಯಂ ಅಜೈಡ್ ಎಲ್ಲಾದರೂ ಸೇರಿದೆಯೇ? ಬಫರ್‌ನಲ್ಲಿ ಬೂಷ್ಟು ಬಾರದಿರಲಿ ಎಂದು ಅದನ್ನು ಹಾಕಿಟ್ಟಿರುತ್ತಾರೆ, ಅದು ಎಚ್‌ಆರ್‌ಪಿಯನ್ನು ನಿಲ್ಲಿಸಿಬಿಡುತ್ತದೆ. ಪ್ರೈಮರಿಯಲ್ಲಿ ಇದ್ದರೆ ತೊಂದರೆಯಿಲ್ಲ, ತೊಳೆದಾಗ ಹೋಗುತ್ತದೆ. ಸೆಕೆಂಡರಿ ಬೆರೆಸುವ ಬಫರ್‌ನಲ್ಲಿ ಮಾತ್ರ ಇರಕೂಡದು. ಎರಡನೆಯದು, ಟ್ರಾನ್ಸ್‌ಫರ್ ದಿಕ್ಕು. ಪ್ರೋಟೀನ್ ಋಣದಿಂದ ಧನದ ಕಡೆ ಹೋಗುತ್ತದೆ, ಆದ್ದರಿಂದ ಜೆಲ್ ಕಪ್ಪು ಬದಿಗೆ, ಮೆಂಬ್ರೇನ್ ಕೆಂಪು ಬದಿಗೆ. ಉಲ್ಟಾ ಜೋಡಿಸಿದರೆ ಪ್ರೋಟೀನ್ ಎಲ್ಲ ಬಫರ್ ಪಾಲು. ಪಿವಿಡಿಎಫ್ ಮೆಂಬ್ರೇನನ್ನು ಮೆಥನಾಲ್‌ನಲ್ಲಿ ಅರ್ಧ ನಿಮಿಷವಾದರೂ ನೆನೆಸದೆ ಬಳಸಿದರೂ ಇದೇ ಗತಿ. 102ರ ಪ್ರೋಟೀನ್‌ಗೆ ಶೇ 8ರ ಜೆಲ್, 100 ವೋಲ್ಟ್, 90 ನಿಮಿಷ, ತೊಟ್ಟಿಯಲ್ಲಿ ಐಸ್ ಪ್ಯಾಕ್. ಟ್ರಾನ್ಸ್‌ಫರ್ ಬಫರ್‌ನಲ್ಲಿ ಮೆಥನಾಲ್ ಶೇ 20ರ ಬದಲು 10 ಇದ್ದರೆ ದೊಡ್ಡ ಪ್ರೋಟೀನ್ ಜೆಲ್‌ನಿಂದ ಸಲೀಸಾಗಿ ಹೊರಬರುತ್ತದೆ. ಅದೇ ಮೆಂಬ್ರೇನ್‌ನಲ್ಲಿ 42ರ ಆಕ್ಟಿನ್ ಕೂಡ ಬೇಕಾದರೆ ಶೇ 10ರ ಜೆಲ್.

ಪ್ರಶ್ನೆ: ಪ್ರತಿಕಾಯ ಕೊರಿಯರ್‌ನಲ್ಲಿ ಮೂರು ದಿನ ತಡವಾಗಿ ಬಂತು. ಐಸ್ ಪ್ಯಾಕ್ ಕರಗಿ ಬೆಚ್ಚಗಾಗಿತ್ತು. ವಾಪಸ್ ಕಳಿಸಬೇಕೇ? ನಮ್ಮಲ್ಲಿ ಕರೆಂಟ್ ಕೂಡ ಆಗಾಗ ಹೋಗುತ್ತದೆ.
— ಪದವಿ ಕಾಲೇಜಿನ ಅಧ್ಯಾಪಕಿ, ಚಿತ್ರದುರ್ಗ

ಉತ್ತರ: ಕಂಪನಿಗೆ ಕೂಡಲೇ ತಿಳಿಸಿ, ಪೊಟ್ಟಣದ ಫೋಟೊ ತೆಗೆದಿಡಿ, ಆದರೆ ಎಸೆಯಬೇಡಿ. ಶುದ್ಧ ಪ್ರತಿಕಾಯ ಗಟ್ಟಿ ಪ್ರೋಟೀನ್, ಕೆಲವು ದಿನ ಬೆಚ್ಚಗಿದ್ದರೆ ಸಾಮಾನ್ಯವಾಗಿ ಕೆಡುವುದಿಲ್ಲ. ಸ್ನಾಯು ಅಥವಾ ಹೀಲಾ ಲೈಸೇಟ್ ಮೇಲೆ ಒಂದು ಬ್ಲಾಟ್ ಮಾಡಿ ನೋಡಿ. ಅದನ್ನು ನಿಜವಾಗಿ ಕೆಡಿಸುವುದು ಪದೇ ಪದೇ ಹೆಪ್ಪುಗಟ್ಟಿ ಕರಗುವುದು. ಅರ್ಧಕ್ಕರ್ಧ ಗ್ಲಿಸರಾಲ್ ಇರುವ ಪ್ರತಿಕಾಯ ಮೈನಸ್ 20ರಲ್ಲೂ ಹೆಪ್ಪುಗಟ್ಟುವುದಿಲ್ಲ, ಕರೆಂಟ್ ಹೋದರೂ ಅದಕ್ಕೆ ಚಿಂತೆಯಿಲ್ಲ. ಗ್ಲಿಸರಾಲ್ ಇಲ್ಲದ್ದನ್ನು ಬಂದ ದಿನವೇ 10 ಅಥವಾ 20 ಮೈಕ್ರೋಲೀಟರ್ ಅಲಿಕ್ವಾಟ್‌ಗಳಾಗಿ ಹಂಚಿ. 10ಕ್ಕಿಂತ ಕಡಿಮೆ ಬೇಡ, ಟ್ಯೂಬಿನ ಗೋಡೆಗೇ ಅಂಟಿ ಖರ್ಚಾಗುತ್ತದೆ. ತಾನಾಗಿ ಮಂಜು ಕರಗಿಸಿಕೊಳ್ಳುವ ಮನೆ ಬಳಕೆಯ ಫ್ರೀಜರ್‌ನಲ್ಲಿ ಇಡಬೇಡಿ. ಅದು ಆಗಾಗ ಒಳಗೇ ಬಿಸಿಯಾಗುತ್ತಿರುತ್ತದೆ. ಎಚ್‌ಆರ್‌ಪಿ ಕಟ್ಟಿದ ಸೆಕೆಂಡರಿ ಮಾತ್ರ 4 ಡಿಗ್ರಿಯಲ್ಲಿ ಕತ್ತಲಲ್ಲಿರಲಿ, ಲೇಬಲ್‌ನಲ್ಲಿ ಬೇರೆ ಹೇಳಿದ್ದರೆ ಅದರಂತೆ.

ಪ್ರಶ್ನೆ: ಮಲೇರಿಯಾ ರೋಗಿಗಳಿಗೆ ಪ್ರೈಮಾಕ್ವಿನ್ ಕೊಡುವ ಮುನ್ನ ಜಿ6ಪಿಡಿ ನೋಡಬೇಕು. ಜಿ6ಪಿಡಿ ಪ್ರತಿಕಾಯದಿಂದ ರಕ್ತದಲ್ಲಿ ಕೊರತೆ ಪತ್ತೆ ಮಾಡಬಹುದೇ?
— ಲ್ಯಾಬ್ ಟೆಕ್ನೀಷಿಯನ್, ಮಂಗಳೂರು

ಉತ್ತರ: ಆಗುವುದಿಲ್ಲ. ಇದರಲ್ಲಿ ರೋಗಿಯ ಜೀವದ ಪ್ರಶ್ನೆ ಇರುವುದರಿಂದ ಕಾರಣವನ್ನೂ ವಿವರವಾಗಿ ಹೇಳುತ್ತೇವೆ.

ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಈ ಕಿಣ್ವ ಕೆಂಪು ರಕ್ತಕಣಕ್ಕೆ ಎನ್‌ಎಡಿಪಿಎಚ್ ಎಂಬ ಅಣುವನ್ನು ಒದಗಿಸಿ ಅದನ್ನು ಉತ್ಕರ್ಷಣದಿಂದ ಕಾಯುತ್ತದೆ. ಕೆಂಪು ಕಣದಲ್ಲಿ ಮೈಟೊಕಾಂಡ್ರಿಯ ಇಲ್ಲದ್ದರಿಂದ ಎನ್‌ಎಡಿಪಿಎಚ್‌ಗೆ ಅದಕ್ಕೆ ಬೇರೆ ದಾರಿಯಿಲ್ಲ. ಕೊರತೆ ಇರುವವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕಣಗಳು ಒಡೆಯುತ್ತವೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ರಕ್ತಹೀನತೆ ಪ್ರಾಣಕ್ಕೇ ಬರಬಹುದು. ವೈವಾಕ್ಸ್ ಮಲೇರಿಯಾ ಮರುಕಳಿಸದಿರಲು ಔಷಧವನ್ನು 14 ದಿನ ಕೊಡುವುದರಿಂದ ಪರೀಕ್ಷೆ ಸರಿಯಾಗಿರಲೇಬೇಕು.

ಪ್ರತಿಕಾಯ ಹೇಳುವುದು ಪ್ರೋಟೀನ್ ಇದೆಯೋ ಇಲ್ಲವೋ ಎಂದಷ್ಟೇ. ಅದು ಕೆಲಸ ಮಾಡುತ್ತಿದೆಯೇ ಎಂದು ಹೇಳುವುದಿಲ್ಲ. ಭಾರತದಲ್ಲಿ ಹೆಚ್ಚಾಗಿ ಕಂಡಿರುವ ರೂಪಾಂತರಗಳು ಮೆಡಿಟರೇನಿಯನ್, ಒರಿಸ್ಸಾ, ಕೇರಳ-ಕಲ್ಯಾಣ್. ಕೆಲವು ರೂಪಾಂತರಗಳಲ್ಲಿ ಪ್ರೋಟೀನ್ ಬೇಗ ಕೆಟ್ಟು ಬ್ಯಾಂಡ್ ತೆಳುವಾಗುತ್ತದೆ, ಇನ್ನು ಕೆಲವಲ್ಲಿ ಪ್ರೋಟೀನ್ ಇದ್ದೂ ಕೆಲಸ ಕುಂಟುತ್ತದೆ. 59 ಕಿಲೋಡಾಲ್ಟನ್‌ನ ಬ್ಯಾಂಡ್ ಕಂಡು ಮಾತ್ರೆ ಕೊಟ್ಟರೆ ಅನಾಹುತ. ಅದರ ಮೇಲೆ, ಕೆಂಪು ಕಣದ ಪ್ರೋಟೀನ್ ಬಹುಪಾಲು ಹಿಮೋಗ್ಲೋಬಿನ್ನೇ. ಲೇನ್‌ನಲ್ಲಿ ಎಷ್ಟು ಹಾಕಿದರೂ ಅದೇ ತುಂಬಿಕೊಂಡು ಜೆಲ್‌ನ ತಳದಲ್ಲಿ ಹರಡುತ್ತದೆ.

ಆದ್ದರಿಂದ ಚಟುವಟಿಕೆಯನ್ನೇ ಅಳೆಯಿರಿ. ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ ರಕ್ತದಿಂದ ಫ್ಲೋರೆಸೆಂಟ್ ಸ್ಪಾಟ್ ಪರೀಕ್ಷೆ ಮಾಡಿದರೆ, ಕಿಣ್ವ ತಯಾರಿಸಿದ ಎನ್‌ಎಡಿಪಿಎಚ್ ನೇರಳಾತೀತ ದೀಪದಡಿ ಹೊಳೆಯುತ್ತದೆ; ಹೊಳೆಯದಿದ್ದರೆ ಕೊರತೆ. ಇದು ಚಟುವಟಿಕೆ ಸುಮಾರು ಶೇ 30ಕ್ಕಿಂತ ಕೆಳಗಿರುವವರನ್ನು ಚೆನ್ನಾಗಿ ಹಿಡಿಯುತ್ತದೆ. ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಕೆಲವು ಹೆಂಗಸರಲ್ಲಿ ಒಳ್ಳೆಯ ಕಣ, ಕೊರತೆಯ ಕಣ ಎರಡೂ ಬೆರೆತು ಮಧ್ಯಮ ಮಟ್ಟದಲ್ಲಿರುತ್ತವೆ. ಅವರು ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ 340 ನ್ಯಾನೊಮೀಟರ್‌ನಲ್ಲಿ ಎನ್‌ಎಡಿಪಿಎಚ್ ಏರುವ ವೇಗ ಅಳೆದು, ಹಿಮೋಗ್ಲೋಬಿನ್ ಗ್ರಾಂಗೆ ಇಷ್ಟು ಯೂನಿಟ್ ಎಂದು ಹೇಳುವ ಪರೀಕ್ಷೆ ಬೇಕು. ಈಗಷ್ಟೇ ರಕ್ತ ಒಡೆದವರಲ್ಲಿ, ರಕ್ತ ಹಾಕಿಸಿಕೊಂಡವರಲ್ಲಿ ಪರೀಕ್ಷೆ ಸುಳ್ಳಾಗಿ ಸಹಜ ಎನ್ನಬಹುದು. ಹಳೆಯ ಕಣಗಳು ಸತ್ತು ಕಿಣ್ವ ಹೆಚ್ಚಿರುವ ಎಳೆಯ ಕಣಗಳೇ ಉಳಿದಿರುತ್ತವೆ, ಇಲ್ಲವೇ ದಾನಿಯ ಕಣಗಳು ಬೆರೆತಿರುತ್ತವೆ. ಅಂಥವರಲ್ಲಿ ಸುಮಾರು ಮೂರು ತಿಂಗಳ ನಂತರ ಮತ್ತೆ ನೋಡಬೇಕು ಎಂದು ವರದಿಯಲ್ಲೇ ಬರೆಯಿರಿ.

ಪ್ರಶ್ನೆ: ಪಿಕೆಎಂ (ಪೈರುವೇಟ್ ಕೈನೇಸ್) ಎಂದಷ್ಟೇ ಬರೆದಿರುವ ಪ್ರತಿಕಾಯದಿಂದ ಪಿಕೆಎಂ2 ನೋಡಬಹುದೇ?
— ಬೆಳಗಾವಿ

ಉತ್ತರ: ಇಲ್ಲ. ಪೈರುವೇಟ್ ಕೈನೇಸ್‌ನ ಎಂ1 ಮತ್ತು ಎಂ2 ಒಂದೇ ಜೀನ್‌ನವು, ಎರಡೂ 531 ಅಮೈನೋ ಆಮ್ಲ, ಎರಡೂ 58 ಕಿಲೋಡಾಲ್ಟನ್. ಎಂ1ಗೆ 9ನೇ ಎಕ್ಸಾನ್ (ಜೀನ್‌ನ ತುಣುಕು), ಎಂ2ಗೆ 10ನೇ ಎಕ್ಸಾನ್. ವ್ಯತ್ಯಾಸ ಸುಮಾರು 22 ಅಮೈನೋ ಆಮ್ಲದ್ದು. 10ನೇ ಎಕ್ಸಾನ್‌ನ ತುಣುಕಿನ ವಿರುದ್ಧ ಬೆಳೆಸಿದ ಪ್ರತಿಕಾಯವೇ ಬೇಕು. ವಯಸ್ಕ ಸ್ನಾಯುವಿನ ಲೈಸೇಟ್ ಹಾಕಿ ನೋಡಿ, ಅಲ್ಲಿರುವುದು ಎಂ1. ನಿಮ್ಮ ಎಂ2 ಪ್ರತಿಕಾಯ ಅಲ್ಲಿ ಸುಮ್ಮನಿರಬೇಕು.

ಪ್ರಶ್ನೆ: ಗೆಡ್ಡೆಯ ಪ್ಯಾರಾಫಿನ್ ಸೆಕ್ಷನ್‌ಗಳಲ್ಲಿ ಹೆಕ್ಸೊಕೈನೇಸ್-2 ಬಣ್ಣ ಎಲ್ಲೆಡೆ ಕಂದಾಗಿ ಬರುತ್ತದೆ. ಸರಿಯಾದ ಬಣ್ಣ ಹೇಗಿರಬೇಕು?
— ಪ್ಯಾಥಾಲಜಿ ವಿಭಾಗ, ಹುಬ್ಬಳ್ಳಿ

ಉತ್ತರ: ಕೋಶದ್ರವದಲ್ಲಿ ಸಣ್ಣ ರವೆಯಂತೆ ಕಾಣಬೇಕು, ಮೈಟೊಕಾಂಡ್ರಿಯದ ಮೇಲೆ ಕೂರುವ ಕಿಣ್ವವಲ್ಲವೇ. ನಯವಾಗಿ ಬಳಿದಂತೆ ಎಲ್ಲ ಕಡೆ ಒಂದೇ ಕಂದು ಇದ್ದರೆ ನಂಬಬೇಡಿ. ಅಂಗಾಂಶ ಫಾರ್ಮಲಿನ್‌ನಲ್ಲಿ 24 ಗಂಟೆಗಿಂತ ಬಹಳ ಹೆಚ್ಚು ಇತ್ತೇ ನೋಡಿ; ಶನಿವಾರ ಹಾಕಿ ಮಂಗಳವಾರ ತೆಗೆದದ್ದು ಬೇರೆಯೇ ಫಲಿತಾಂಶ ಕೊಡುತ್ತದೆ. ಪಿಎಚ್ 6ರ 10 ಮಿಲಿಮೋಲಾರ್ ಸಿಟ್ರೇಟ್‌ನಲ್ಲಿ 95 ಡಿಗ್ರಿಗೆ 20 ನಿಮಿಷ ಕಾಯಿಸಿ, ಅದೇ ಬಫರ್‌ನಲ್ಲಿ 20 ನಿಮಿಷ ಆರಲು ಬಿಡಿ. ಶೇ 3 ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ. ಇದನ್ನು ಬಿಟ್ಟರೆ ಕೆಂಪು ಕಣಗಳು ತಾವಾಗಿಯೇ ಕಂದಾಗುತ್ತವೆ. ಪ್ರೈಮರಿ 1:100, 1:200, 1:400 ಮೂರನ್ನೂ ಒಂದೇ ದಿನ ಮಾಡಿ. ಕಂದು ಬಣ್ಣ ಬರಿಸುವ ಡಿಎಬಿ ಹಾಕಿದ ಮೇಲೆ ಗಡಿಯಾರ ನೋಡುವುದಕ್ಕಿಂತ ಮೈಕ್ರೋಸ್ಕೋಪ್ ನೋಡುತ್ತ ನಿಲ್ಲಿಸಿ, ಎಷ್ಟು ಹೊತ್ತಾಯಿತೆಂದು ಬರೆದುಕೊಂಡು ಉಳಿದ ಸ್ಲೈಡ್‌ಗಳಿಗೂ ಅಷ್ಟೇ ಹೊತ್ತು ಕೊಡಿ. ಸತ್ತ ಕೋಶಗಳ ಜಾಗ ಯಾವ ಪ್ರತಿಕಾಯಕ್ಕೂ ಬಣ್ಣ ಹಿಡಿಯುತ್ತದೆ, ಎಣಿಕೆಗೆ ಅದನ್ನು ಬಿಡಿ.

ಪ್ರಶ್ನೆ: ಒಮ್ಮೆ ಬೆರೆಸಿದ ಪ್ರೈಮರಿಯನ್ನು ಮತ್ತೆ ಬಳಸಬಹುದೇ? ಒಂದು ವಯಲ್ ಬೆಲೆ ನಮಗೆ ಬಹಳ.
— ಹಲವರು

ಉತ್ತರ: ಬಳಸಬಹುದು. ಹಾಲಿನ ಪುಡಿಯಲ್ಲಿ ಬೆರೆಸಿದರೆ ಬೇಗ ಹುಳಿಯುತ್ತದೆ, ಶೇ 5 ಬಿಎಸ್‌ಎ ಪ್ರೋಟೀನ್ ದ್ರಾವಣದಲ್ಲಿ ಬೆರೆಸಿ ಶೇ 0.02 ಅಜೈಡ್ ಸೇರಿಸಿ 4 ಡಿಗ್ರಿಯಲ್ಲಿ ಇಡಿ. 1:1,000ಕ್ಕೆ 10 ಮಿಲಿಲೀಟರ್‌ಗೆ 10 ಮೈಕ್ರೋಲೀಟರ್ ಬೇಕು. ಮೆಂಬ್ರೇನನ್ನು ಅಳತೆಗೆ ಕತ್ತರಿಸಿ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿದರೆ 3 ಮಿಲಿಲೀಟರ್ ಸಾಕಾಗುತ್ತದೆ. ಟ್ಯೂಬ್ ಮೇಲೆ ಬೆರೆಸಿದ ದಿನಾಂಕ, ಎಷ್ಟನೇ ಸಲ ಎಂದು ಪ್ರತಿ ಬಾರಿ ಗೀಟು ಹಾಕಿ. ಮೂರು ನಾಲ್ಕು ಸಲ ಸಾಮಾನ್ಯವಾಗಿ ಚೆನ್ನಾಗಿ ಬರುತ್ತದೆ, ದ್ರವ ಮಸುಕಾದರೆ ಅದನ್ನು ಚೆಲ್ಲಿ. ಆದರೆ ಒಂದೇ ಚಿತ್ರದಲ್ಲಿ ಹೋಲಿಸಬೇಕಾದ ಮೆಂಬ್ರೇನ್‌ಗಳಲ್ಲಿ ಒಂದಕ್ಕೆ ಹೊಸದು, ಇನ್ನೊಂದಕ್ಕೆ ನಾಲ್ಕನೇ ಸಲದ್ದು ಹಾಕಬೇಡಿ. ಹಾಗೆ ಬಂದ ವ್ಯತ್ಯಾಸ ಕಿಣ್ವದ್ದಲ್ಲ, ಟ್ಯೂಬಿನದ್ದು. ಅಜೈಡ್ ಇರುವ ಈ ದ್ರವ ತೆಗೆದ ಮೇಲೆ ಟಿಬಿಎಸ್‌ಟಿಯಲ್ಲಿ ಹತ್ತು ಹತ್ತು ನಿಮಿಷದಂತೆ ಮೂರು ಸಲ ತೊಳೆದೇ ಸೆಕೆಂಡರಿ ಹಾಕಿ.